ಬೀಗ ಯಾರಿಗೆ, ಬೀಗದ ಕೈ ಯಾರಲ್ಲಿ?

ಕಳೆದ ಭಾನುವಾರ ಅಟ್ಟದ ಮೇಲಿನ ಹಳೆಯ ಟ್ರಂಕನ್ನು ಇಳಿಸಿ ಸಾಮಾನುಗಳನ್ನು ಬೇರ್ಪಡಿಸುತ್ತಿದ್ದಾಗ ಹೆಬ್ಬೆರಳಿನ ತುದಿಯಷ್ಟು ಗಾತ್ರದ ಬೀಗವೊಂದು ನನ್ನ ಕೈಗೆ ಸಿಕ್ಕಿತು. ಪಕ್ಕದಲ್ಲಿ ಕುಳಿತಿದ್ದ ಮೊಮ್ಮಗಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಯಾವ ಪೆಟ್ಟಿಗೆಯ ಬೀಗ, ತಾತ?" ಎಂದು ಕೇಳಿದಳು. ಪೆಟ್ಟಿಗೆಯದಲ್ಲ, ಟೆಲಿಫೋನಿನದು ಎಂದೆ. ಟೆಲಿಫೋನಿಗೆ ಬೀಗವೇ ಎಂದು ಅವಳು ನಕ್ಕುಬಿಟ್ಟಳು. ನಗುವುದು ಸಹಜವೇ. ಆದರೆ ಒಂದು ಕಾಲದಲ್ಲಿ ನಮ್ಮ ಕಚೇರಿಗಳಲ್ಲಿ ಈ ಪುಟ್ಟ ಬೀಗಕ್ಕಿದ್ದ ಗೌರವ ತಿಜೋರಿಯ ಬೀಗಕ್ಕೂ ಇರಲಿಲ್ಲ ಎಂಬುದನ್ನು ನನ್ನ ವಯಸ್ಸಿನ ವಾಚಕರು ಒಪ್ಪುವರು.

1960ರಲ್ಲಿ ಕಾನ್ಪುರಕ್ಕೂ ಲಖನೌಗೂ ನಡುವೆ ಎಸ್.ಟಿ.ಡಿ. ಸೌಕರ್ಯ ಆರಂಭವಾಯಿತು. ಆಪರೇಟರಳ ನೆರವಿಲ್ಲದೆ ಊರಿಂದೂರಿಗೆ ನೇರವಾಗಿ ಡಯಲ್ ಮಾಡುವುದು ನಮ್ಮ ದೇಶದಲ್ಲಿ ಸಾಧ್ಯವಾದದ್ದು ಆಗಲೇ. ಅದು ಇತರ ಊರುಗಳಿಗೂ ಹಬ್ಬಿದಂತೆಲ್ಲ ಕಚೇರಿಗಳ ಟೆಲಿಫೋನ್ ಬಿಲ್ಲು ಏರಿತು. ಬಿಲ್ಲು ಏರಿದಂತೆಲ್ಲ ಡಯಲಿನ ತೂತಿಗೆ ಸಿಕ್ಕಿಸುವ ಈ ಬೀಗ ಮೇಜಿನ ಮೇಲೆ ಅವತರಿಸಿತು. ನಾನು ಗುಮಾಸ್ತೆಯಾಗಿ ಸೇರಿದ ಕಚೇರಿಯಲ್ಲಿ ಅದರ ಕೈ ಹೆಡ್ ಕ್ಲಾರ್ಕರ ಕೋಟಿನ ಒಳಜೇಬಿನಲ್ಲಿರುತ್ತಿತ್ತು. ಬಂದ ಕರೆಯನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಕರೆ ಮಾಡುವುದಿದ್ದರೆ ಅವರ ಮುಂದೆ ಹೋಗಿ ನಿಲ್ಲಬೇಕು.

ಬೀಗವಿದ್ದಲ್ಲಿ ಬೀಗ ತೆಗೆಯುವ ಜಾಣನೂ ಇರುವನಷ್ಟೆ! ನಮ್ಮಲ್ಲಿಯೂ ಒಬ್ಬನಿದ್ದ. ಅವನು ಡಯಲನ್ನು ಮುಟ್ಟುತ್ತಲೇ ಇರಲಿಲ್ಲ. ರಿಸೀವರ್ ಇಡುವ ಗುಂಡಿಯನ್ನು ಬೆರಳಿನಿಂದ ಟಕಟಕನೆ ತಟ್ಟುತ್ತಿದ್ದ: ಐದು ಬೇಕಾದರೆ ಐದು ಸಲ, ಸೊನ್ನೆಗೆ ಹತ್ತು ಸಲ. ಡಯಲು ತಿರುಗಿದಾಗ ತಂತಿಯಲ್ಲಿ ಹೋಗುವುದೂ ಅಂತಹ ತಟ್ಟುಗಳೇ ಆದ್ದರಿಂದ ಎಕ್ಸ್‌ಚೇಂಜಿನ ಯಂತ್ರಕ್ಕೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಹೀಗೆ ಹೆಡ್ ಕ್ಲಾರ್ಕರು ಚಾಪೆಯ ಕೆಳಗೆ ತೂರಿದರೆ ಇವನು ರಂಗೋಲಿಯ ಕೆಳಗೆ ತೂರಿದ. ಆದರೆ ನಮಗೆಲ್ಲ ನಿಜವಾಗಿ ನೋವಾಗುತ್ತಿದ್ದುದು ಬೇರೊಂದು ಸಂಗತಿಯಿಂದ. ಸಂಜೆ ಐದು ಹೊಡೆದ ಮೇಲೆ, ನಾವು ಕಡತಗಳನ್ನು ಕಟ್ಟುತ್ತಿರುವಾಗ, ಹೆಡ್ ಕ್ಲಾರ್ಕರು ಒಳಜೇಬಿನಿಂದ ಕೈ ತೆಗೆದು, ಬೀಗ ಬಿಚ್ಚಿ, ಮುಂಬಯಿಯಲ್ಲಿದ್ದ ಅಳಿಯನೊಡನೆ ಯೋಗಕ್ಷೇಮ ಮಾತನಾಡುತ್ತಿದ್ದರು. ಬೀಗ ಕಚೇರಿಯ ಹಣಕ್ಕಲ್ಲ, ನಮಗೆ ಮಾತ್ರ ಎಂಬುದು ಆ ಗಳಿಗೆಯಲ್ಲಿ ಸ್ಪಷ್ಟವಾಗುತ್ತಿತ್ತು.

ಈ ಹಳೆಯ ಕಥೆಯನ್ನು ಇಂದು ನೆನೆಯುವುದಕ್ಕೆ ಕಾರಣವಿದೆ. ಇಂದಿನ ಕಚೇರಿಗಳ ಮೇಜಿನ ಮೇಲೆ ಟೆಲಿಫೋನಿನ ಜಾಗದಲ್ಲಿ ಗಣಕಯಂತ್ರ ಕುಳಿತಿದೆ. ನಾಲ್ಕಾರು ಜನ ಸರದಿಯ ಮೇಲೆ ಬಳಸುವ ಒಂದೇ ಯಂತ್ರ. ಅದರ ಬೆನ್ನಿಗೆ ಇಡೀ ಜಗತ್ತಿಗೆ ತೆರೆದ ಇಂಟರ್ನೆಟ್ಟು. ಇದಕ್ಕೆ ಬೀಗ ಹಾಕಬೇಕೆ, ಹಾಕುವುದಾದರೆ ಎಷ್ಟು, ಅದರ ಕೈ ಯಾರಲ್ಲಿರಬೇಕು ಎಂಬ ಪ್ರಶ್ನೆ ಅಂಗಡಿ, ಶಾಲೆ, ದವಾಖಾನೆ, ಸಹಕಾರ ಸಂಘ ಎಲ್ಲಕ್ಕೂ ಎದುರಾಗಿದೆ. ನಾನು ಈ ಪ್ರಶ್ನೆಗೆ ಉತ್ತರ ಕಲಿತದ್ದು ಪುಸ್ತಕದಿಂದಲ್ಲ. ಒಬ್ಬ ಬಡ ಹುಡುಗನ ಕಣ್ಣೀರಿನಿಂದ. ಅದನ್ನು ಮುಚ್ಚುಮರೆಯಿಲ್ಲದೆ ಹೇಳುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ನಿವೃತ್ತನಾದ ಮೇಲೆ ನಾನು ನಮ್ಮ ಬಡಾವಣೆಯ ಪತ್ತಿನ ಸಹಕಾರ ಸಂಘವೊಂದರ ಗೌರವ ಕಾರ್ಯದರ್ಶಿಯಾಗಿದ್ದೆ. ಸಂಘವೆಂದರೆ ದೊಡ್ಡದೇನಲ್ಲ. ಒಬ್ಬ ವ್ಯವಸ್ಥಾಪಕರು, ಒಬ್ಬ ಹಿರಿಯ ಲೆಕ್ಕಿಗರು, ಇಬ್ಬರು ಗುಮಾಸ್ತೆಯರು, ಪಿಗ್ಮಿ ಹಣ ಸಂಗ್ರಹಿಸಿ ತರುವ ಒಬ್ಬ ಹುಡುಗ. ಕೌಂಟರಿನ ಹಿಂದೆ ಒಂದು ಗಣಕಯಂತ್ರ. ಅದನ್ನು ತೆರೆಯಲು ಎಲ್ಲರಿಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಅದು ಸಂಘ ಸ್ಥಾಪನೆಯಾದ ವರ್ಷ. ಯಾರೂ ಮರೆಯದಿರಲೆಂದು ಚೀಟಿಯಲ್ಲಿ ಬರೆದು ಯಂತ್ರದ ಕೆಳಗಡೆ ಅಂಟಿಸಿಯೂ ಇತ್ತು. ಮನೆಯವರಂತೆ ಇದ್ದೇವೆ, ನಮ್ಮಲ್ಲಿ ಭೇದವೇಕೆ ಎಂಬ ಹೆಮ್ಮೆ ನಮಗೆ.

ಎರಡು ವರ್ಷಗಳ ಹಿಂದೆ, ಸರ್ವಸದಸ್ಯರ ಸಭೆ ಹತ್ತಿರವಾಗಿದ್ದ ದಿನಗಳು. ಒಂದು ಸೋಮವಾರ ಬೆಳಗ್ಗೆ ಠೇವಣಿಯ ರಸೀದಿಗಾಗಿ ವಯಸ್ಸಾದ ಮಹಿಳೆಯೊಬ್ಬರು ಕೌಂಟರಿನ ಮುಂದೆ ನಿಂತಿದ್ದರು. ಗುಮಾಸ್ತೆ ಯಂತ್ರವನ್ನು ತೆರೆದದ್ದೇ ತಡ, ಕರೆಯದೆ ಬಂದ ನೆಂಟರಂತೆ ಒಂದರ ಮೇಲೊಂದು ಪುಟಗಳು ತೆರೆದುಕೊಂಡವು. ಒಂದರಲ್ಲಿ ಜೂಜಿನ ಜಾಹೀರಾತು. ಇನ್ನೊಂದರಲ್ಲಿ ನೋಡಬಾರದ ಚಿತ್ರ. ಆ ತಾಯಿ ಮುಖ ತಿರುಗಿಸಿಕೊಂಡರು. "ನಮ್ಮ ದುಡ್ಡು ಇಡುವ ಜಾಗದಲ್ಲಿ ಇದೇನಪ್ಪಾ?" ಎಂದು ಅವರು ಮೆಲ್ಲಗೆ ಆಡಿದ ಮಾತು ನಮ್ಮೆಲ್ಲರ ಕಿವಿಗೂ ಬಿತ್ತು.

ಅಧ್ಯಕ್ಷರಿಗೆ ಸುದ್ದಿ ಹೋಯಿತು. ಅವರು ಬಂದು ಬ್ರೌಸರಿನ ದಾಖಲೆಯನ್ನು ತೆಗೆಸಿ ನೋಡಿದರು. ಅಂತಹ ತಾಣಗಳ ಹೆಸರು ಸಾಲುಸಾಲಾಗಿ ಇದ್ದವು. ನೋಡಿದವರು ಯಾರು? ಎಲ್ಲರೂ ಒಂದೇ ಹೆಸರಿನಲ್ಲಿ ಒಳಹೊಕ್ಕವರು. ದಾಖಲೆ ಯಾರನ್ನೂ ತೋರಿಸಲಿಲ್ಲ. ದಾಖಲೆ ತೋರಿಸದಿದ್ದಾಗ ಬೆರಳು ತೋರಿಸುತ್ತದೆ. ಬೆರಳು ಯಾವಾಗಲೂ ಚಿಕ್ಕವನ ಕಡೆಗೇ ಚಾಚುತ್ತದೆ. ಪಿಗ್ಮಿ ಹುಡುಗ ಮಧ್ಯಾಹ್ನ ಊಟದ ವೇಳೆಯಲ್ಲಿ ಯಂತ್ರದ ಮುಂದೆ ಕೂರುತ್ತಿದ್ದುದನ್ನು ಎಲ್ಲರೂ ಕಂಡಿದ್ದರು. ಅವನು ಸ್ಪರ್ಧಾ ಪರೀಕ್ಷೆಗೆ ಓದುತ್ತಿದ್ದಾನೆಂದು ನನಗೆ ಗೊತ್ತಿತ್ತು. ಆದರೂ ನಾನು ಬಾಯಿ ತೆರೆಯಲಿಲ್ಲ. ಅಧ್ಯಕ್ಷರು ಎಲ್ಲರೆದುರು ಅವನನ್ನು ನಿಲ್ಲಿಸಿ ಆಡಬಾರದ ಮಾತುಗಳನ್ನಾಡಿದರು. "ನಾನಲ್ಲ ಸಾರ್" ಎಂಬ ಎರಡು ಮಾತು ಬಿಟ್ಟು ಅವನಿಂದ ಬೇರೇನೂ ಹೊರಡಲಿಲ್ಲ. ಮಾರನೆಯ ದಿನ ಅವನು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ.

ಯಂತ್ರವನ್ನು ಶುದ್ಧಮಾಡಲು ನನ್ನ ಪಕ್ಕದ ಮನೆಯ ಹುಡುಗಿಯನ್ನು ಕರೆದೊಯ್ದೆ. ಗಣಕಯಂತ್ರಗಳ ಕಂಪನಿಯಲ್ಲಿ ಕೆಲಸದಲ್ಲಿರುವ ಜಾಣೆ ಅವಳು. ಅರ್ಧ ಗಂಟೆ ಪರೀಕ್ಷಿಸಿ, "ಅಂಕಲ್, ಈ ಪುಟಗಳನ್ನು ಯಾರೂ ಹುಡುಕಿಕೊಂಡು ಹೋಗಿಲ್ಲ. ಒಂದು ಪುಕ್ಕಟೆ ಪ್ರೋಗ್ರಾಮು ಒಳಗೆ ಸೇರಿಕೊಂಡಿದೆ. ತಾನಾಗಿ ಪುಟಗಳನ್ನು ತೆರೆಸುತ್ತಿರುವುದು ಅದೇ" ಎಂದಳು. ಅದು ಎಂದು ಬಂದಿತು ಎಂದು ಕೇಳಿದೆ. ಯಂತ್ರಕ್ಕೆ ಇಳಿಸಿಕೊಂಡ ಪ್ರತಿಯೊಂದು ಕಡತಕ್ಕೂ ತಾರೀಖು, ವೇಳೆಗಳ ಮುದ್ರೆ ಇರುತ್ತದೆಯಂತೆ. ಅವಳು ಓದಿ ಹೇಳಿದಳು: ಭಾನುವಾರ, ಸಂಜೆ ಆರೂ ಇಪ್ಪತ್ತು.

ವಾಚಕರೇ, ಆ ಕ್ಷಣ ನನ್ನ ಕಾಲ ಕೆಳಗಿನ ನೆಲ ಕುಸಿದಂತಾಯಿತು. ಭಾನುವಾರ ಸಂಜೆ ಸಂಘದ ಬಾಗಿಲು ತೆಗೆದವನು ನಾನೊಬ್ಬನೇ. ಸರ್ವಸದಸ್ಯರ ಸಭೆಯ ಆಹ್ವಾನ ಪತ್ರಿಕೆಯನ್ನು ಹಳೆಯ ಕನ್ನಡ ಅಕ್ಷರಗಳಿಂದ ಯೂನಿಕೋಡಿಗೆ ಬದಲಿಸಬೇಕಾಗಿತ್ತು. ಯಾವುದೋ ತಾಣದಲ್ಲಿ ಪುಕ್ಕಟೆಯಾಗಿ ಸಿಕ್ಕಿದ ಸಾಧನವೊಂದನ್ನು ಇಳಿಸಿಕೊಂಡು, ಅದು ಕೇಳಿದ ಪ್ರಶ್ನೆಗಳಿಗೆಲ್ಲ ಓದದೆಯೇ 'ಒಪ್ಪಿಗೆ' ಎಂದು ಒತ್ತಿದ್ದೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಬೈಗುಳ ತಿಂದದ್ದು ದನ ಕಾಯುವ ಹುಡುಗ.

ಆ ಸಂಜೆಯೇ ಅವನ ಮನೆಗೆ ಹೋದೆ. ಒಂದೇ ಕೋಣೆಯ ಮನೆ. ಅವನ ತಾಯಿ ಚಾಪೆ ಹಾಸಿ, ಕಾಫಿ ತಂದಿಟ್ಟರು. ನಡೆದುದನ್ನು ಹೇಳಿ, ತಪ್ಪು ನನ್ನದು ಎಂದು ಕೈಮುಗಿದೆ. ಹುಡುಗ ತಲೆ ತಗ್ಗಿಸಿಕೊಂಡೇ ಇದ್ದ. ತಾಯಿ ಮಾತ್ರ, "ನೀವು ನಮ್ಮ ಮನೆಗೆ ಬಂದು ಹೇಳಿದಿರಿ ಸ್ವಾಮಿ, ಸಂತೋಷ. ಆದರೆ ಬೈದದ್ದು ಹತ್ತು ಜನರ ಮುಂದೆ ಅಲ್ಲವೆ?" ಎಂದರು. ಆ ಮಾತಿನಲ್ಲಿ ಕೋಪವಿರಲಿಲ್ಲ, ನ್ಯಾಯವಿತ್ತು. ಮರುದಿನ ಅಧ್ಯಕ್ಷರನ್ನೂ ಸಿಬ್ಬಂದಿಯನ್ನೂ ಒಟ್ಟಿಗೆ ಕೂಡಿಸಿ, ಹತ್ತು ಜನರ ಮುಂದೆಯೇ ಅದೇ ತಪ್ಪೊಪ್ಪಿಗೆಯನ್ನು ಮಾಡಿದೆ. ಅಧ್ಯಕ್ಷರೂ ದೊಡ್ಡ ಮನಸ್ಸಿನಿಂದ ಅವನ ಕೈ ಹಿಡಿದು ವಿಷಾದ ಸೂಚಿಸಿದರು. ಹುಡುಗ ಕೆಲಸಕ್ಕೆ ಮರಳಿದ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಚರ್ಚೆ ಆಮೇಲೆ ನಡೆಯಿತು. ಅಧ್ಯಕ್ಷರ ಸಲಹೆ ಸರಳವಾಗಿತ್ತು: ಸಿಬ್ಬಂದಿಯ ಯಂತ್ರದಿಂದ ಇಂಟರ್ನೆಟ್ಟನ್ನೇ ಕಿತ್ತುಹಾಕುವುದು, ಆಡಳಿತ ಮಂಡಳಿಯ ಕೋಣೆಯಲ್ಲಿ ಮಾತ್ರ ಇಟ್ಟುಕೊಳ್ಳುವುದು. ಇದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ; ಅದೂ ಇನ್ನೊಬ್ಬರ ಮೂಗನ್ನು! ಬ್ಯಾಂಕಿನ ವ್ಯವಹಾರ, ತೆರಿಗೆಯ ಲೆಕ್ಕ, ಇಲಾಖೆಯ ಪತ್ರ ಎಲ್ಲವೂ ಇಂದು ಇದರ ಮೂಲಕವೇ ನಡೆಯಬೇಕು. ಬೇಸರ ಕಳೆಯಬೇಕೆಂಬುವವನಿಗೆ ಜೇಬಿನಲ್ಲಿ ಸ್ವಂತ ಮೊಬೈಲು ಇದ್ದೇ ಇದೆ. ಆದ್ದರಿಂದ ಕಚೇರಿಯ ಯಂತ್ರಕ್ಕೆ ಬೀಗ ಹಾಕುವುದು ನೌಕರರ ನಡತೆ ತಿದ್ದುವುದಕ್ಕೆಂದು ತಿಳಿದರೆ ಅದು ಭ್ರಮೆ. ಬೀಗವಿರುವುದು ಯಂತ್ರದ ಕ್ಷೇಮಕ್ಕೆ. ಅದರಲ್ಲಿರುವ ಠೇವಣಿದಾರರ ಲೆಕ್ಕದ ಕ್ಷೇಮಕ್ಕೆ. ಈ ಒಂದು ಅಂಶ ಮನಸ್ಸಿನಲ್ಲಿ ನಿಂತರೆ ಉಳಿದುದೆಲ್ಲ ತಾನಾಗಿ ಹೊಳೆಯುತ್ತದೆ.

ಪಕ್ಕದ ಮನೆಯ ಹುಡುಗಿ ನಮಗೆ ಹೇಳಿಕೊಟ್ಟ ಕ್ರಮವನ್ನು, ಇಂತಹ ಯಂತ್ರವುಳ್ಳ ವಾಚಕರ ಉಪಯೋಗಕ್ಕಾಗಿ, ನನಗೆ ಅರ್ಥವಾದಂತೆ ಬರೆಯುತ್ತೇನೆ.

ಮೊದಲನೆಯದು ಹೆಸರು. ಯಂತ್ರ ಒಂದೇ ಇರಲಿ. ಅದನ್ನು ತೆರೆಯುವ ಹೆಸರೂ ಪಾಸ್‌ವರ್ಡೂ ಒಬ್ಬೊಬ್ಬರಿಗೆ ಒಂದೊಂದಿರಬೇಕು. ಇದು ಕಳ್ಳನನ್ನು ಹಿಡಿಯುವುದಕ್ಕಿಂತ ಮಿಗಿಲಾಗಿ ನಿರಪರಾಧಿಯನ್ನು ಕಾಪಾಡುವುದಕ್ಕೆ. ಅಂದು ನಮ್ಮಲ್ಲಿ ಈ ಏರ್ಪಾಡಿದ್ದಿದ್ದರೆ ಆ ಹುಡುಗ ತಲೆ ತಗ್ಗಿಸಬೇಕಾಗುತ್ತಿರಲಿಲ್ಲ. ತಗ್ಗಿಸಬೇಕಾದ ತಲೆ ಯಾವುದೆಂದು ಮೊದಲ ದಿನವೇ ತಿಳಿಯುತ್ತಿತ್ತು.

ಎರಡನೆಯದು ಅಧಿಕಾರ. ಗಣಕಯಂತ್ರದಲ್ಲಿ ಎರಡು ಬಗೆಯ ಬಳಕೆದಾರರುಂಟು: ದಿನದ ಕೆಲಸ ಮಾತ್ರ ಮಾಡಬಲ್ಲ ಸಾಮಾನ್ಯ ಬಳಕೆದಾರ, ಹೊಸ ಪ್ರೋಗ್ರಾಮುಗಳನ್ನು ಸೇರಿಸಿ ಯಂತ್ರದ ವ್ಯವಸ್ಥೆಯನ್ನೇ ಬದಲಿಸಬಲ್ಲ ಅಡ್ಮಿನಿಸ್ಟ್ರೇಟರ್. ನಮ್ಮಲ್ಲಿ ಎಲ್ಲರೂ ಎರಡನೆಯ ಅಧಿಕಾರದಲ್ಲಿಯೇ ಕುಳಿತಿದ್ದೆವು. ನಾನು ಇಳಿಸಿಕೊಂಡ ಪಿಡುಗು ಆ ಅಧಿಕಾರವನ್ನೇ ಬಳಸಿ ಬೇರೂರಿತ್ತು. ಒಬ್ಬೊಬ್ಬರಿಗೂ ಅವರ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರ ಕೊಡತಕ್ಕದ್ದು ಎಂಬ ಸೂತ್ರವನ್ನು ಸಾಲ್ಟ್ಸರ್ ಮತ್ತು ಶ್ರೋಡರ್ ಎಂಬ ಅಮೆರಿಕದ ಇಬ್ಬರು ವಿದ್ವಾಂಸರು 1975ರಲ್ಲೇ ತಮ್ಮ ಪ್ರಬಂಧದಲ್ಲಿ ಪ್ರತಿಪಾದಿಸಿದ್ದರು. ನಮ್ಮ ಸಂಘದ ತಿಜೋರಿಗೆ ಎರಡು ಕೈಗಳಿವೆ. ಒಂದು ಅಧ್ಯಕ್ಷರಲ್ಲಿ, ಇನ್ನೊಂದು ಲೆಕ್ಕಿಗರಲ್ಲಿ. ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡನ್ನು ಈಗ ಲಕೋಟೆಯಲ್ಲಿಟ್ಟು, ಅರಗಿನ ಮುದ್ರೆ ಒತ್ತಿ, ಆ ತಿಜೋರಿಯಲ್ಲಿಯೇ ಇರಿಸಿದ್ದೇವೆ. ತೆರೆಯಬೇಕಾದರೆ ಇಬ್ಬರೂ ಬರಬೇಕು.

ಮೂರನೆಯದು ಪಟ್ಟಿ. ಕೆಟ್ಟ ತಾಣಗಳ ಹೆಸರನ್ನು ಬರೆದಿಟ್ಟು ಅವನ್ನು ತಡೆಯುವುದು ಒಂದು ಮಾರ್ಗ. ಊರಿನ ಕಳ್ಳರ ಪಟ್ಟಿಯನ್ನು ಬಾಗಿಲಿಗೆ ಅಂಟಿಸಿ, ಉಳಿದವರೆಲ್ಲ ಒಳಗೆ ಬರಬಹುದು ಎಂದಂತೆ ಅದು. ದಿನಕ್ಕೊಬ್ಬ ಹೊಸ ಕಳ್ಳ ಹುಟ್ಟುವನು, ಪಟ್ಟಿ ಮುಗಿಯದು. ಅಕ್ಷರಗಳನ್ನು ನೋಡಿ ತಡೆಯುವುದಂತೂ ನಗೆಪಾಟಲು. 1996ರಲ್ಲಿ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಎಂಬ ಊರಿನವರಿಗೆ ಅಮೆರಿಕದ ಎ.ಒ.ಎಲ್. ಸೇವೆಯಲ್ಲಿ ತಮ್ಮ ಊರಿನ ಹೆಸರು ಬರೆದು ಸದಸ್ಯರಾಗುವುದೇ ಸಾಧ್ಯವಾಗಲಿಲ್ಲ. ಆ ಹೆಸರಿನ ನಡುವೆ ಅಶ್ಲೀಲ ಪದವೊಂದರ ಅಕ್ಷರಗಳು ಅಡಗಿದ್ದುವೆಂದು ಯಂತ್ರ ಅವರನ್ನು ತಿರಸ್ಕರಿಸಿತ್ತು! ಪ್ರತಿಯಾಗಿ, ಕೆಲಸ ಗೊತ್ತಿರುವ ಯಂತ್ರಕ್ಕೆ ಬೇಕಾದ ತಾಣಗಳ ಪಟ್ಟಿಯನ್ನಷ್ಟೇ ಕೊಟ್ಟು ಉಳಿದವನ್ನೆಲ್ಲ ಮುಚ್ಚುವುದು ಇನ್ನೊಂದು ಮಾರ್ಗ. ಮದುವೆಯ ಮನೆಗೆ ಆಹ್ವಾನಿತರು ಮಾತ್ರ ಎಂದಂತೆ. ನಮ್ಮ ಯಂತ್ರಕ್ಕೆ ಬೇಕಾದವು ಎರಡು ಬ್ಯಾಂಕುಗಳು, ಆದಾಯ ತೆರಿಗೆ, ಸಹಕಾರ ಇಲಾಖೆ, ಸಂಘದ ಇ-ಮೇಲು, ಹೀಗೆ ಹತ್ತನ್ನು ಮೀರಲಿಲ್ಲ. ಮೊದಲ ವಾರ ಬ್ಯಾಂಕಿನ ಪುಟವೊಂದು ಅರ್ಧಕ್ಕೇ ನಿಂತಿತು. ಒಂದು ತಾಣ ತನ್ನ ಸಾಮಗ್ರಿಯನ್ನು ಬೇರೊಂದು ತಾಣದಿಂದ ತರಿಸಿಕೊಳ್ಳುವುದುಂಟೆಂದು ಆಗ ತಿಳಿಯಿತು. ಅದನ್ನೂ ಪಟ್ಟಿಗೆ ಸೇರಿಸಿದ ಮೇಲೆ ಸರಿಹೋಯಿತು.

ನಾಲ್ಕನೆಯದು ಬೀಗದ ಜಾಗ. ಪ್ರತಿ ಯಂತ್ರದೊಳಗೂ ತಾಣಗಳ ಹೆಸರು ಮತ್ತು ಅಂಕಿಯ ವಿಳಾಸಗಳನ್ನು ಬರೆಯಬಹುದಾದ 'ಹೋಸ್ಟ್ಸ್' ಎಂಬ ಚಿಕ್ಕ ಕಡತವೊಂದಿದೆ. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಹೆಸರುಗಳನ್ನು ವಿಳಾಸಗಳಾಗಿ ಬದಲಿಸುವ ಡಿ.ಎನ್.ಎಸ್. ಏರ್ಪಾಡನ್ನು ರೂಪಿಸುವ ಮುಂಚೆ, ಆ ಜಾಲದ ಯಂತ್ರಗಳೆಲ್ಲ ನಂಬಿದ್ದುದು ಇಂತಹ ಒಂದು ಪಟ್ಟಿಯನ್ನೇ. ಅದರಲ್ಲಿ ಸುಳ್ಳು ವಿಳಾಸ ಬರೆದು ಒಂದು ತಾಣವನ್ನು ಮರೆಮಾಡಬಹುದು. ಆದರೆ ಅಡ್ಮಿನಿಸ್ಟ್ರೇಟರ್ ಅಧಿಕಾರವಿದ್ದವನು ಒಂದು ನಿಮಿಷದಲ್ಲಿ ಅಳಿಸಿಹಾಕಬಹುದು. ಬ್ರೌಸರಿಗೇ ನಿಯಮ ವಿಧಿಸಬಹುದು. ಆಗ ಬೇರೆ ಬ್ರೌಸರನ್ನು ಸೇರಿಸಲು ಅವಕಾಶವಿರಬಾರದು. ರೂಟರಿನಲ್ಲಿ ಡಿ.ಎನ್.ಎಸ್. ಮೂಲಕ ಹೆಸರುಗಳನ್ನು ಸೋಸಬಹುದು. ಆದರೆ ಹೆಸರು ಕೇಳುವ ಪ್ರಶ್ನೆಯನ್ನೇ ಗುಪ್ತಲಿಪಿಯಲ್ಲಿ ಹೊರಗೆ ಕಳುಹಿಸುವ ಕ್ರಮವೊಂದು 2018ರಲ್ಲಿ ಶಾಸ್ತ್ರಬದ್ಧವಾಗಿ ಬಂದಿದೆ. ಅದು ಈ ಸೋಸುಬಟ್ಟೆಯನ್ನು ತಪ್ಪಿಸಿಕೊಂಡು ಹೋಗಬಲ್ಲದು. ಎಲ್ಲ ಸಂಚಾರವೂ ಒಂದೇ ಬಾಗಿಲಿನಿಂದ ಹೋಗುವಂತೆ ಅಲ್ಲಿ ಪ್ರಾಕ್ಸಿ ಎಂಬ ಕಾವಲುಗಾರನನ್ನು ನಿಲ್ಲಿಸುವುದು ಇವೆಲ್ಲಕ್ಕಿಂತ ಬಿಗಿಯಾದುದು. ಆದರೂ ಜೇಬಿನ ಮೊಬೈಲಿನಿಂದ ಬೇರೆ ಇಂಟರ್ನೆಟ್ಟನ್ನು ಯಂತ್ರಕ್ಕೆ ಜೋಡಿಸುವ ಜಾಣ ಯಾವಾಗಲೂ ಉಳಿದಿರುವನು. ಟೆಲಿಫೋನಿನ ಗುಂಡಿ ತಟ್ಟುತ್ತಿದ್ದ ನನ್ನ ಗೆಳೆಯನ ವಂಶ ಇನ್ನೂ ನಶಿಸಿಲ್ಲ! ಬೀಗವನ್ನು ಒಪ್ಪಿಕೊಂಡವರು ಮಾತ್ರ ಅದನ್ನು ಮುರಿಯುವುದಿಲ್ಲ. ಒಪ್ಪಿಸದೆ ಹಾಕಿದ ಬೀಗ ಎಷ್ಟು ಗಟ್ಟಿಯಾದರೇನು?

ಇನ್ನೊಂದು ಎಚ್ಚರಿಕೆಯ ಮಾತು. ಬೀಗ ಬಿಗಿಯಾದಷ್ಟೂ ಕ್ಷೇಮ ಎಂದು ತಿಳಿಯಲಾಗದು. 2017ರ ಮೇ 12ರಂದು ವಾನಾಕ್ರೈ ಎಂಬ ಪಿಡುಗು ಜಗತ್ತಿನ ಯಂತ್ರಗಳ ಮೇಲೆ ಎರಗಿ, ಕಡತಗಳನ್ನು ಗುಪ್ತಲಿಪಿಗೆ ತಿರುಗಿಸಿ, ಬಿಡಿಸಲು ಹಣ ಕೇಳಿತು. ಬ್ರಿಟನ್ನಿನ ಸಾರ್ವಜನಿಕ ಆಸ್ಪತ್ರೆಗಳೂ ತತ್ತರಿಸಿದವು. ಅದು ಯಾರೋ ಕೆಟ್ಟ ತಾಣ ನೋಡಿದ್ದರಿಂದ ಹಬ್ಬಿದ್ದಲ್ಲ. ವಿಂಡೋಸಿನ ದೋಷವೊಂದರ ಮೂಲಕ ಯಂತ್ರದಿಂದ ಯಂತ್ರಕ್ಕೆ ನುಸುಳಿತು. ಆ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚಿ ತಿಂಗಳಿನಲ್ಲಿಯೇ ತೇಪೆ ಒದಗಿಸಿತ್ತು, ಹಾಕಿಕೊಳ್ಳದವರು ಕೆಟ್ಟರು. ವಿಚಿತ್ರವೆಂದರೆ, ಆ ಪಿಡುಗು ಒಂದು ವಿಲಕ್ಷಣ ವಿಳಾಸವನ್ನು ಹುಡುಕಿ, ಅದು ಸಿಕ್ಕಿದರೆ ತಾನಾಗಿ ಸುಮ್ಮನಾಗುತ್ತಿತ್ತು. ಸಂಶೋಧಕನೊಬ್ಬ ಆ ವಿಳಾಸವನ್ನು ನೋಂದಾಯಿಸಿದ ಮೇಲೆ ಅದರ ಹಾವಳಿ ತಗ್ಗಿತು. ಆದರೆ ಆ ವಿಳಾಸಕ್ಕೂ ಬೀಗ ಹಾಕಿಕೊಂಡಿದ್ದ ಜಾಲಗಳಿಗೆ ಈ ರಕ್ಷಣೆ ದೊರೆಯುವಂತಿರಲಿಲ್ಲ. ಆದ್ದರಿಂದ ಯಂತ್ರದ ತೇಪೆಗಳು ಬರುವ ದಾರಿಯನ್ನು ಪಟ್ಟಿಯಲ್ಲಿ ತೆರೆದೇ ಇಡಬೇಕು. ಲೆಕ್ಕದ ಪ್ರತಿಯನ್ನು ಬೇರೆಡೆ ಜೋಪಾನ ಮಾಡಿರಬೇಕು.

ಕಡೆಯದು, ನನ್ನ ಮನಸ್ಸಿಗೆ ಎಲ್ಲಕ್ಕಿಂತ ದೊಡ್ಡದು: ತಿಳಿಸುವುದು. ಬೀಗ ಹಾಕುವುದು ಬೇರೆ, ಬೆನ್ನ ಹಿಂದೆ ನಿಂತು ಇಣುಕುವುದು ಬೇರೆ. ರುಮೇನಿಯ ದೇಶದಲ್ಲಿ 2007ರಲ್ಲಿ ಖಾಸಗಿ ಕಂಪನಿಯೊಂದು ತನ್ನ ನೌಕರನೊಬ್ಬನನ್ನು ಕೆಲಸದಿಂದ ತೆಗೆಯಿತು. ಗಿರಾಕಿಗಳಿಗೆ ಉತ್ತರಿಸಲೆಂದು ಕಂಪನಿ ತೆರೆಸಿದ್ದ ಸಂದೇಶ ಸೌಕರ್ಯದಲ್ಲಿ ಅವನು ತನ್ನ ಸಹೋದರನೊಡನೆಯೂ ನಿಶ್ಚಿತಾರ್ಥವಾಗಿದ್ದ ಹುಡುಗಿಯೊಡನೆಯೂ ಸ್ವಂತ ಮಾತನಾಡಿದ್ದ. ಕಂಪನಿ ಆ ಮಾತುಗಳನ್ನು ದಾಖಲಿಸಿಟ್ಟಿತ್ತು. ಸ್ವಂತ ಕೆಲಸಕ್ಕೆ ಬಳಸಕೂಡದೆಂಬ ನಿಯಮ ಅವನಿಗೆ ಗೊತ್ತಿತ್ತು. ಆದರೆ ತನ್ನ ಮಾತಿನ ಒಳಹುರುಳನ್ನೂ ಓದುವರೆಂದು ಯಾರೂ ಅವನಿಗೆ ಮುಂಚಿತವಾಗಿ ತಿಳಿಸಿರಲಿಲ್ಲ. 2017ರ ಸೆಪ್ಟೆಂಬರ್ 5ರಂದು ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಹಿರಿಯ ಪೀಠ, 11 ಮತ್ತು 6ರ ಬಹುಮತದಿಂದ, ಅವನ ಖಾಸಗಿ ಬಾಳಿನ ಹಕ್ಕಿಗೆ ತಕ್ಕ ರಕ್ಷಣೆ ದೊರೆಯಲಿಲ್ಲವೆಂದು ತೀರ್ಮಾನಿಸಿತು.

ಅದಕ್ಕೆ ಹನ್ನೆರಡು ದಿನ ಮೊದಲು, ಆಗಸ್ಟ್ 24ರಂದು, ನಮ್ಮ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದ್ದರು. ಆ ಮೊಕದ್ದಮೆಯನ್ನು ಹೂಡಿದವರು ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬುದು ನಮಗೆ ಅಭಿಮಾನದ ಸಂಗತಿ. ಆ ತೀರ್ಪು ಮುಖ್ಯವಾಗಿ ಸರಕಾರಕ್ಕೂ ಪ್ರಜೆಗೂ ಸಂಬಂಧಿಸಿದ್ದು, ನಿಜ. ಆದರೂ ಅದರ ಹಿಂದಿರುವ ಭಾವನೆ ಕೌಂಟರಿನ ಹಿಂದೆ ಕುಳಿತ ಗುಮಾಸ್ತೆಗೂ ಸಲ್ಲಬೇಕಾದುದೇ. ಸಂಬಳ ಕೊಡುವವನು ಅವರ ವೇಳೆಯನ್ನು ಕೊಳ್ಳುತ್ತಾನೆ, ಮಾನವನ್ನು ಕೊಳ್ಳುವುದಿಲ್ಲ.

ನಮ್ಮ ಸಂಘದಲ್ಲಿ ನಿಯಮಗಳನ್ನು ಬರೆಯಲು ಕುಳಿತಾಗ ಸಿಬ್ಬಂದಿಯನ್ನೂ ಕೂಡಿಸಿಕೊಂಡೆವು. ಯಾವ ತಾಣಗಳು ತೆರೆದಿವೆ, ಉಳಿದವು ಏಕೆ ಮುಚ್ಚಿವೆ, ಯಂತ್ರ ಏನನ್ನು ದಾಖಲಿಸಿಕೊಳ್ಳುತ್ತದೆ, ಏನನ್ನು ದಾಖಲಿಸುವುದಿಲ್ಲ, ಹೊಸ ತಾಣ ಬೇಕಾದರೆ ಯಾರಿಗೆ ಹೇಳಬೇಕು, ಎಲ್ಲವನ್ನೂ ಒಂದೇ ಪುಟದಲ್ಲಿ ಸರಳ ಕನ್ನಡದಲ್ಲಿ ಬರೆದೆವು. ಲೆಕ್ಕಿಗರು ಒಂದು ಹಳೆಯ ಯಂತ್ರವನ್ನು ಹೊರಕೋಣೆಯಲ್ಲಿಡಲು ಸೂಚಿಸಿದರು. ಅದರಲ್ಲಿ ಸಂಘದ ಲೆಕ್ಕವಿಲ್ಲ, ಲೆಕ್ಕದ ಯಂತ್ರದೊಡನೆ ಅದಕ್ಕೆ ಸಂಪರ್ಕವೂ ಇಲ್ಲ. ಊಟದ ವೇಳೆಯಲ್ಲಿ ಯಾರು ಬೇಕಾದರೂ ಪರೀಕ್ಷೆಯ ಫಲಿತಾಂಶ, ರೈಲಿನ ಟಿಕೆಟ್ಟು ನೋಡಬಹುದು. ಎಲ್ಲರೂ ಮಾತನಾಡಿದ ಮೇಲೆ ಪಿಗ್ಮಿ ಹುಡುಗನನ್ನು, "ನಿನ್ನದೇನಪ್ಪಾ?" ಎಂದು ಕೇಳಿದೆ. ಅವನು ಸಂಕೋಚದಿಂದ, "ಒಂದೇ ಮಾತು ಸಾರ್. ಈ ಬೀಗ ಎಲ್ಲರಿಗೂ ಇರಲಿ" ಎಂದ. ಅಧ್ಯಕ್ಷರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಆ ಮಾತು ಕಡೆಯ ನಿಯಮವಾಗಿ ಸೇರಿತು. ಹಿಂದೆ ಪಾಸ್‌ವರ್ಡಿನ ಚೀಟಿ ಅಂಟಿಸಿದ್ದ ಜಾಗದಲ್ಲಿ ಈಗ ನಿಯಮಗಳ ಹಾಳೆ ಇದೆ.

ಕಳೆದ ವರ್ಷ ಸರ್ವಸದಸ್ಯರ ಸಭೆಯ ವೇಳೆಗೆ ಮತ್ತೆ ಒಂದು ಭಾನುವಾರ ಯಂತ್ರದ ಮುಂದೆ ಕುಳಿತೆ. ಈ ಸಲ ಹುಡುಗನೂ ರಸೀದಿ ಪುಸ್ತಕಗಳನ್ನು ಜೋಡಿಸಲು ಬಂದಿದ್ದ. ಆಹ್ವಾನ ಪತ್ರಿಕೆಗೆ ಗಣಪತಿಯ ಚಿತ್ರವೊಂದನ್ನು ಹುಡುಕಲು ಹೊರಟೆ. ತೆರೆಯ ಮೇಲೆ, "ಈ ತಾಣಕ್ಕೆ ಅನುಮತಿ ಇಲ್ಲ" ಎಂಬ ಅಕ್ಷರಗಳು ಮೂಡಿದವು. ಇನ್ನೊಂದನ್ನು ಪ್ರಯತ್ನಿಸಿದೆ, ಅದೇ ಉತ್ತರ. ನನ್ನ ಪೇಚಾಟವನ್ನು ಕಂಡ ಹುಡುಗ ಹತ್ತಿರ ಬಂದು, ನಗುವನ್ನು ತಡೆದುಕೊಂಡು, "ಹೊರಕೋಣೆಯ ಯಂತ್ರದಲ್ಲಿ ನೋಡಬಹುದು ಸಾರ್. ಇದರಲ್ಲೇ ಬೇಕು ಅಂದರೆ ನಾಳೆ ಲೆಕ್ಕಿಗರಿಗೆ ಒಂದು ಚೀಟಿ ಬರೆದು ಕೊಡಿ" ಎಂದ.

ನಾನು ಎದ್ದು ಹೊರಕೋಣೆಗೆ ಹೋದೆ.